ಸ್ಕ್ರೂವಿನ ಹಣೆಬರಹ ಬರೆದವರು

ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಕ್ರೂಡ್ರೈವರ್ ಅಂದರೆ ಎರಡೇ ಜಾತಿ: ಫ್ಲಾಟ್ ಮತ್ತು ಸ್ಟಾರ್. ಮನೆಯಲ್ಲಂತೂ ಫ್ಲಾಟ್‌ನ ಕೆಲಸವನ್ನು ಟೆಸ್ಟರೇ ಮಾಡಿ ಮುಗಿಸುತ್ತದೆ. ಆದರೆ ನಾವು ‘ಸ್ಟಾರ್’ ಎಂದು ಕರೆಯುವ ಆ ಪ್ಲಸ್ ಗುರುತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಸ್ಕ್ರೂಗಳು ಅಡಗಿವೆ. ಈ ವ್ಯತ್ಯಾಸ ತಿಳಿಯದೆ ಹಾಳಾದ ಸ್ಕ್ರೂಗಳಿಗೆ ಲೆಕ್ಕವಿಲ್ಲ.

ಜಪಾನಿ ತಂತ್ರಜ್ಞಾನದ ಹಳೆಯ ಬೈಕೊಂದರ ಕಾರ್ಬ್ಯುರೇಟರ್ ನೋಡಿ. ತಳದ ಬಟ್ಟಲನ್ನು ಹಿಡಿದಿರುವ ಸ್ಕ್ರೂಗಳ ತಲೆ ಎಷ್ಟೋ ಸಲ ಸವೆದು, ಪ್ಲಸ್ ಹೋಗಿ ಬರೀ ದುಂಡನೆಯ ಕುಳಿ ಉಳಿದಿರುತ್ತದೆ. ಮೇಲ್ನೋಟಕ್ಕೆ ಫಿಲಿಪ್ಸ್ ಎಂಬ ಮಾಮೂಲಿ ಸ್ಟಾರ್‌ನಂತೆ ಕಂಡರೂ ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ ಸ್ಕ್ರೂ. ತಲೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಯೊಂದಿದ್ದರೆ ಅದೇ ಗುರುತು. ಇದಕ್ಕೆ ಫಿಲಿಪ್ಸ್ ಹಾಕಿದರೆ ತುದಿ ಕುಳಿಯ ತಳ ಮುಟ್ಟುವುದಿಲ್ಲ. ಬಲ ಹಾಕಿ ತಿರುಗಿಸಿದಾಗ ಮೇಲೆದ್ದು, ಅಂಚನ್ನು ಕೆರೆದುಕೊಂಡು ಬರುತ್ತದೆ. ಆಮೇಲೆ ಉಳಿಯುವುದು ಸುತ್ತಿಗೆ ಮತ್ತು ಅದರ ಏಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರ್. ಮೆಕ್ಯಾನಿಕ್‌ನ ಕೈ ಸರಿಯಿಲ್ಲ ಎಂದು ಬಯ್ಯುತ್ತೇವೆ. ಅವರ ಕೈಗೆ ಸರಿಯಾದ ಉಪಕರಣವನ್ನು ಯಾರೂ ಕೊಟ್ಟೇ ಇರುವುದಿಲ್ಲ.

ಇಷ್ಟು ಬಗೆಯ ತಲೆಗಳು ಹುಟ್ಟಿಕೊಂಡದ್ದೇಕೆ? ಮೊದಲು ಇದ್ದದ್ದು ಒಂದೇ ಸೀಳು. ಗರಗಸ ಎಳೆದರೂ ಆಗುವಷ್ಟು ಸುಲಭ, ಬಿಚ್ಚಲು ಚಪ್ಪಟೆ ಕಬ್ಬಿಣವೊಂದಿದ್ದರೆ ಸಾಕು. ತೊಂದರೆ ಒಂದೇ, ಬ್ಲೇಡು ಪಕ್ಕಕ್ಕೆ ಜಾರುತ್ತದೆ. ಕೆನಡಾದ ಪಿ.ಎಲ್. ರಾಬರ್ಟ್‌ಸನ್ ಅವರ ಕೈಗೆ ಹೀಗೇ ಜಾರಿ ಗಾಯವಾಯಿತಂತೆ. 1908ರಲ್ಲಿ ಅವರು ಚೌಕ ಕುಳಿಯ ಸ್ಕ್ರೂ ರೂಪಿಸಿ, ಒಂಟಾರಿಯೊದ ಮಿಲ್ಟನ್‌ನಲ್ಲಿ ಕಾರ್ಖಾನೆ ಹಾಕಿದರು. ಡ್ರೈವರ್ ತುದಿಗೆ ಸಿಕ್ಕಿಸಿದರೆ ಸ್ಕ್ರೂ ಬೀಳದೆ ನಿಲ್ಲುತ್ತದೆ, ಒಂದೇ ಕೈಯಲ್ಲಿ ಕೆಲಸ ನಡೆಯುತ್ತದೆ. ನನ್ನನ್ನು ಕೇಳಿದರೆ, ಮರಗೆಲಸಕ್ಕೆ ಇದಕ್ಕಿಂತ ಒಳ್ಳೆಯ ತಲೆ ಆಮೇಲೆ ದಶಕಗಳ ಕಾಲ ಬರಲೇ ಇಲ್ಲ.

ಹಾಗಿದ್ದೂ ಗೆದ್ದದ್ದು ಅದಲ್ಲ. ಫೋರ್ಡ್ ಕಂಪನಿ ತನ್ನ ಕೆನಡಾ ಕಾರ್ಖಾನೆಯಲ್ಲಿ ಈ ಸ್ಕ್ರೂ ಬಳಸಿ ಲಾಭ ಕಂಡುಕೊಂಡಿತು, ತಯಾರಿಕೆಯ ಪರವಾನಗಿಯನ್ನೂ ಬಯಸಿತು. ಆವಿಷ್ಕಾರದ ಮೇಲಿನ ಹಿಡಿತ ಬಿಡಲು ರಾಬರ್ಟ್‌ಸನ್ ಒಪ್ಪಲಿಲ್ಲ. ಕೆನಡಾದ ಆಚೆ ಚೌಕ ಹೆಚ್ಚು ಹರಡಲೂ ಇಲ್ಲ.

ಆ ಜಾಗಕ್ಕೆ ಬಂದದ್ದು ಫಿಲಿಪ್ಸ್. ಜಾನ್ ಥಾಂಪ್ಸನ್ ಅವರ ಪ್ಲಸ್ ಕುಳಿಯ ಕಲ್ಪನೆಯನ್ನು ಕೊಂಡು ತಿದ್ದಿದವರು ಅಮೆರಿಕದ ಪೋರ್ಟ್‌ಲೆಂಡ್‌ನ ಹೆನ್ರಿ ಫಿಲಿಪ್ಸ್. ಅವರು ರಾಬರ್ಟ್‌ಸನ್‌ಗಿಂತ ಭಿನ್ನವಾಗಿ ಪರವಾನಗಿಯನ್ನು ಧಾರಾಳವಾಗಿ ಹಂಚಿದರು. 1936ರಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ಕಾರುಗಳಿಗೆ ಇದು ಬಂತು. ಡ್ರೈವರ್‌ನ ಮೊನೆ ತಾನಾಗಿಯೇ ಕುಳಿಯ ನಡುವಿಗೆ ಕೂರುವುದರಿಂದ ಅಸೆಂಬ್ಲಿ ಲೈನಿನ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಕುಳಿಯ ಗೋಡೆಗಳು ಓರೆಯಾಗಿರುವುದರಿಂದ ಹೆಚ್ಚು ಬಲ ಬಿದ್ದಾಗ ಡ್ರೈವರ್ ಮೇಲೇಳುವುದು ಇದರ ದೋಷ. 1960ರ ದಶಕದಲ್ಲಿ ಬಂದ ಪೋಝಿಡ್ರೈವ್‌ನಲ್ಲಿ ಈ ಗೋಡೆಗಳನ್ನು ಹೆಚ್ಚುಕಡಿಮೆ ನೇರ ಮಾಡಿದರು. ಪ್ಲಸ್‌ನ ತೋಳುಗಳ ನಡುವೆ ನಾಲ್ಕು ಸಣ್ಣ ಗೆರೆ ಕಂಡರೆ ಅದು ಪೋಝಿಡ್ರೈವ್. ಪೀಠೋಪಕರಣಗಳಲ್ಲಿ ಇದು ಧಾರಾಳ. 1967ರ ಟಾರ್ಕ್ಸ್‌ನ ಆರು ಎಸಳಿನ ಕುಳಿಯಿಂದ ಡ್ರೈವರ್ ಜಾರುವುದೇ ಅಪರೂಪ.

ಇಲ್ಲಿಯವರೆಗೆ ಪ್ರತಿಯೊಂದು ಬದಲಾವಣೆಯೂ ಹಿಂದಿನದರ ಕೊರತೆ ನೀಗಿಸಲು ಬಂದದ್ದು. ಆಪಲ್‌ನ ಐದು ಎಸಳಿನ ಪೆಂಟಲೋಬ್ ಆ ಸಾಲಿಗೆ ಸೇರುವುದಿಲ್ಲ. ಅದು 2009ರಲ್ಲಿ ಮ್ಯಾಕ್‌ಬುಕ್ ಪ್ರೊ ಬ್ಯಾಟರಿಯ ಮೇಲೆ ಕಾಣಿಸಿಕೊಂಡಿತು. 2010ರ ಐಫೋನ್ 4ರ ತಳದಲ್ಲಿ ಮೊದಲು ಇದ್ದದ್ದು ಮಾಮೂಲಿ ಫಿಲಿಪ್ಸ್. ಕೆಲವೇ ತಿಂಗಳಲ್ಲಿ ಅಲ್ಲಿಗೂ ಪೆಂಟಲೋಬ್ ಬಂತು. ಅದಕ್ಕೆ ಹೊಂದುವ ಡ್ರೈವರ್ ಆಗ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಕೊಂಡವರೇ ಬಿಚ್ಚಲಾಗದ ಸ್ಥಿತಿ ಇದು. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಕೂಡ ತೆರೆಯಿತು. ಮೊಬೈಲ್ ರಿಪೇರಿಯವರು ಅದಕ್ಕೆ ಕಾದು ಕೂರಲಿಲ್ಲ. ಅವರ ಮೇಜಿನ ಮೇಲಿನ ಬಿಟ್ ಸೆಟ್ಟಿನಲ್ಲಿ 0.8 ಎಂದು ಕೊರೆದ ಸಣ್ಣದೊಂದು ಬಿಟ್ ಇರುತ್ತದೆ. ಅದೇ ಐಫೋನ್ ತಳದ ಪೆಂಟಲೋಬ್‌ಗೆ ಹೊಂದುವ ತುದಿ.