95 ಡಿಗ್ರಿಗೆ ಏರೋಕೆ ಎಷ್ಟು ಹೊತ್ತು ಹಿಡೀತು?

"ಸಾರ್, ಕಂಪ್ಯೂಟರ್ ಪ್ರೊಸೆಸರ್ 95 ಡಿಗ್ರಿ ತೋರಿಸ್ತಿದೆ. ಪೇಸ್ಟ್ ಒಣಗಿರಬೇಕು. ಯಾವ ಪೇಸ್ಟ್ ತರಲಿ?"

ಇಂಥ ಫೋನ್ ನನಗೆ ಆಗಾಗ ಬರುತ್ತಲೇ ಇರುತ್ತದೆ. ಪೇಸ್ಟ್ ಅಂದರೆ ಪ್ರೊಸೆಸರ್‌ಗೂ ಅದನ್ನು ತಣ್ಣಗಿಡಲು ಮೇಲೆ ಕೂರಿಸುವ ಕೂಲರ್‌ಗೂ ನಡುವೆ ಹಚ್ಚುವ ಮುಲಾಮು. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "95ಕ್ಕೆ ಏರೋಕೆ ಎಷ್ಟು ಹೊತ್ತು ಹಿಡೀತು?" ಆ ಕಡೆಯಿಂದ ಸದ್ದೇ ಇರುವುದಿಲ್ಲ. ಅಂಕಿಯನ್ನು ಎಲ್ಲರೂ ನೋಡಿರುತ್ತಾರೆ. ಅದು ಏರಿದ ರೀತಿಯನ್ನು ಯಾರೂ ನೋಡಿರುವುದಿಲ್ಲ. ತೊಂದರೆ ಎಲ್ಲಿದೆ ಅನ್ನುವುದು ಬಹಳ ಸಲ ನನಗೆ ಗೊತ್ತಾಗುವುದು ಆ ಏರಿಕೆಯಿಂದಲೇ. ಸ್ಕ್ರೂಡ್ರೈವರ್ ಕೈಗೆ ಬರುವುದು ಆಮೇಲೆ.

ಮೊದಲು ಅಂಕಿಯ ಮಾತು ಮುಗಿಸಿಬಿಡೋಣ. 95 ಅಂದ ಕೂಡಲೇ ಹೌಹಾರಬೇಕಿಲ್ಲ. 2022ರಲ್ಲಿ ಬಂದ ಎಎಂಡಿ ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳಿಗೆ ಪೂರ್ತಿ ಕೆಲಸ ಕೊಟ್ಟರೆ ಅವು 95ರವರೆಗೆ ಹೋಗಿ ಅಲ್ಲೇ ನಿಲ್ಲುತ್ತವೆ. ಅವನ್ನು ಮಾಡಿರುವುದೇ ಹಾಗೆ. ಅದೇ ಕುಟುಂಬದ 7800ಎಕ್ಸ್3ಡಿಗೆ ಮಿತಿ 89. ಇಂಟೆಲ್‌ನ 12ರಿಂದ 14ನೇ ತಲೆಮಾರಿನ ಬಹುತೇಕ ಡೆಸ್ಕ್‌ಟಾಪ್ ಚಿಪ್‌ಗಳಿಗೆ 100. ಮಿತಿ ಮುಟ್ಟಿದ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದೇ ಥ್ರಾಟ್ಲಿಂಗ್. ಅದಕ್ಕೂ ಬಗ್ಗದಿದ್ದರೆ ಮೆಷಿನ್ ತಾನಾಗಿ ಆಫ್ ಆಗುತ್ತದೆ. ಹಾಗಾಗಿ ವಿಡಿಯೊ ರೆಂಡರ್ ಮಾಡುವಾಗಿನ 95 ಬೇರೆ, ಎರಡು ಟ್ಯಾಬ್ ತೆರೆದು ಸುಮ್ನೆ ಕೂತಾಗಿನ 95 ಬೇರೆ. ಎರಡನೆಯದು ಖಂಡಿತ ಕಾಯಿಲೆ. ಇನ್ನೊಂದು ಮಾತು. ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ, ಮದರ್‌ಬೋರ್ಡ್‌ನ ಸೆಟ್ಟಿಂಗ್ ತಂತ್ರಾಂಶ) ಪರದೆಯಲ್ಲಿ ಕಾಣುವ ತಾಪಮಾನವನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಬಯೋಸ್‌ನಲ್ಲಿರುವಾಗ ಪ್ರೊಸೆಸರ್ ವಿಶ್ರಾಂತಿಗೆ ಜಾರುವುದಿಲ್ಲ. ವಿಂಡೋಸ್‌ನಲ್ಲಿ ಸುಮ್ನಿದ್ದಾಗ ಇರುವುದಕ್ಕಿಂತ ಅಲ್ಲಿ ಜಾಸ್ತಿಯೇ ತೋರಿಸುತ್ತದೆ.

ಈಗ ಏರಿಕೆಗೆ ಬರೋಣ. ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್ ಅನ್ನುವ, ತಾಪಮಾನ ತೋರಿಸುವ ತಂತ್ರಾಂಶ ಹಾಕಿಕೊಳ್ಳಿ, ಎರಡೂ ಪುಕ್ಕಟೆ. ಲಿನಕ್ಸ್ ಆದರೆ ಎಲ್‌ಎಂ-ಸೆನ್ಸರ್ಸ್ ಸಾಕು. ಮೆಷಿನ್ ಆನ್ ಮಾಡಿ ಹತ್ತು ನಿಮಿಷ ಮುಟ್ಟದೆ ಬಿಡಿ. ಆಗಿನ ತಾಪಮಾನ ಬರೆದಿಟ್ಟುಕೊಳ್ಳಿ. ಕೋಣೆಯದ್ದನ್ನೂ ಬರೆಯಿರಿ. ಕೋಣೆ ಎಂಟು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ರೂ ಹೆಚ್ಚುಕಡಿಮೆ ಅಷ್ಟೇ ಮೇಲೇರುತ್ತದೆ, ಅದು ಕೂಲರ್‌ನ ತಪ್ಪಲ್ಲ. ಆಮೇಲೆ ಸಿನೆಬೆಂಚ್‌ನಂಥ ಭಾರದ ಪರೀಕ್ಷೆಯನ್ನು ಬಿಡದೆ ಓಡಿಸಿ. ಐದು ಸೆಕೆಂಡಿಗೆ, ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ, ಹದಿನೈದು ನಿಮಿಷಕ್ಕೆ ಎಷ್ಟಿದೆ ಎಂದು ಒಂದು ಕಾಗದದ ಮೇಲೆ ಬರೆಯಿರಿ. ನಾಲ್ಕು ಅಂಕಿ, ಅಷ್ಟೇ.

ಪರೀಕ್ಷೆ ಶುರುವಾದ ಕ್ಷಣದಲ್ಲಿ ಇಪ್ಪತ್ತು ಮೂವತ್ತು ಡಿಗ್ರಿ ಒಮ್ಮೆಗೇ ಹಾರಿದರೆ ಅದು ಮಾಮೂಲು. ಇವತ್ತಿನ ಚಿಪ್ ತೀರಾ ಚಿಕ್ಕದು, ಅಷ್ಟರಲ್ಲೇ ನೂರಾರು ವ್ಯಾಟ್ ಹುಟ್ಟುತ್ತದೆ. ನೋಡಬೇಕಾದ್ದು ಆಮೇಲೇನಾಯಿತು ಅನ್ನುವುದನ್ನು. ಐದೇ ಸೆಕೆಂಡಿನಲ್ಲಿ ಮಿತಿಗೆ ಬಡಿದು ನಿಂತಿತೋ, ಅಥವಾ 65, 72, 80 ಎಂದು ನಿಧಾನಕ್ಕೆ ಹತ್ತಿತೋ?

ಐದು ಸೆಕೆಂಡಿನಲ್ಲಿ ಬಡಿದರೆ ನನ್ನ ಮೊದಲ ಅನುಮಾನ ಕೂಲರ್ ಕೂತಿರುವ ರೀತಿಯ ಮೇಲೆ. ಹೀಟ್‌ಸಿಂಕ್, ಅಂದರೆ ಕೂಲರ್‌ನ ಲೋಹದ ಭಾಗ, ಅರ್ಧ ಕಿಲೋ, ಒಂದು ಕಿಲೋ ಲೋಹ. ಅದು ಬಿಸಿಯಾಗೋಕೆ ಹೊತ್ತು ಬೇಕು. ಅದಿನ್ನೂ ತಣ್ಣಗಿರುವಾಗಲೇ ಪ್ರೊಸೆಸರ್ ಕೊತಕೊತ ಅನ್ನುತ್ತಿದ್ದರೆ ಶಾಖ ಲೋಹಕ್ಕೆ ದಾಟುತ್ತಲೇ ಇಲ್ಲ ಅಂತ ಅರ್ಥ. ಪರೀಕ್ಷೆ ಓಡುತ್ತಿರುವಾಗ, ಫ್ಯಾನ್‌ಗೆ ಬೆರಳು ತಾಗದ ಹಾಗೆ, ಹೀಟ್‌ಸಿಂಕ್‌ನ ಬುಡ ಮುಟ್ಟಿ ನೋಡಿ. ಪರದೆಯಲ್ಲಿ 95, ಕೈಗೆ ತಣ್ಣಗೆ. ಇದಕ್ಕಿಂತ ಸ್ಪಷ್ಟವಾದ ಸುಳಿವು ಈ ಕೆಲಸದಲ್ಲಿ ನನಗೆ ಸಿಕ್ಕಿಲ್ಲ.

ಇಂಥವನ್ನು ಬಿಚ್ಚಿದಾಗ ಏನೇನೋ ಕಾಣುತ್ತವೆ. ಹೊಸ ಕೂಲರ್‌ನ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಅದರ ಮೇಲೇ ಪೇಸ್ಟ್ ಹಚ್ಚಿ ಕೂರಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ಸಿಗುವುದು ಇಂಟೆಲ್ ಚಿಪ್‌ನ ಜೊತೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳ ಗೋಳು. ಮೂರು ಕಚ್ಚಿರುತ್ತವೆ, ನಾಲ್ಕನೆಯದು ಕಚ್ಚಿದ ಹಾಗೆ ನಟಿಸುತ್ತಿರುತ್ತದೆ. ಆ ಮೂಲೆ ಕೂದಲೆಳೆಯಷ್ಟು ಎದ್ದರೂ ಸಾಕು, ಕೆಲಸ ಕೆಟ್ಟಿತು. ಪಿನ್ ತಲೆಯ ಮೇಲಿನ ಬಾಣದ ಗುರುತು ಬಿಚ್ಚುವ ದಿಕ್ಕಿನದು, ಕೂರಿಸುವ ದಿಕ್ಕಿನದಲ್ಲ. ಹೀಗಾಗಿ ಎಷ್ಟೋ ಜನ ಬಿಗಿ ಮಾಡುತ್ತೇವೆ ಅಂದುಕೊಂಡು ಸಡಿಲ ಮಾಡಿಬಿಡುತ್ತಾರೆ. ಬೋರ್ಡಿನ ಹಿಂಬದಿಯಿಂದ ನಾಲ್ಕೂ ಪಿನ್ ಪೂರ್ತಿ ಹೊರಗೆ ಬಂದಿವೆಯಾ ನೋಡಿ, ಒಂದೊಂದನ್ನೂ ಮೆಲ್ಲಗೆ ಮೇಲಕ್ಕೆಳೆದು ಪರೀಕ್ಷಿಸಿ. ಸ್ಕ್ರೂ ಇರುವ ಕೂಲರ್ ಆದರೆ ಒಂದನ್ನೇ ಪೂರ್ತಿ ಬಿಗಿ ಮಾಡಬೇಡಿ. ಎದುರುಬದುರು ಮೂಲೆಗಳನ್ನು ಎರಡೆರಡು ಸುತ್ತು ತಿರುಗಿಸುತ್ತಾ ಹೋಗಿ.

ಪೇಸ್ಟ್ ಬಗ್ಗೆ ಜನರಿಗೆ ಇರುವ ಭಕ್ತಿ ನನಗಿಲ್ಲ. ಶಾಖ ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕ ಕೊಟ್ಟರೆ, ಒಳ್ಳೆಯ ಪೇಸ್ಟ್‌ಗೆ ಹತ್ತರ ಆಸುಪಾಸು, ಗಾಳಿಗೆ 0.03 ಕೂಡ ಇಲ್ಲ. ಅಂದರೆ ಪೇಸ್ಟ್ ದೊಡ್ಡ ವಾಹಕವೇನಲ್ಲ. ಎರಡು ಲೋಹಗಳ ನಡುವಿನ ಸಣ್ಣ ಉಬ್ಬುತಗ್ಗುಗಳಲ್ಲಿ ಕೂತ ಗಾಳಿಯನ್ನು ಹೊರಗೆ ದೂಡುವುದಷ್ಟೇ ಅದರ ಕೆಲಸ. ಮಧ್ಯದಲ್ಲಿ ಬಟಾಣಿ ಕಾಳಿನಷ್ಟು ಇಟ್ಟರೆ ಕೂಲರ್‌ನ ಒತ್ತಡವೇ ಹರಡುತ್ತದೆ. ಚಿಪ್ ದೊಡ್ಡದಿದ್ದರೆ ಇನ್ನೂ ಒಂಚೂರು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಪೂರ್ತಿ ಒರೆಸಿ, ಅದು ಒಣಗಿದ ಮೇಲೆ ಹೊಸದು ಹಾಕಿ. ಪೇಸ್ಟ್ ಒಣಗಿ ಬಿರುಕು ಬಿಡುವುದು ನಿಜ, ಆದರೆ ಅದಕ್ಕೆ ವರ್ಷಗಳು ಬೇಕು. ಹೋದ ತಿಂಗಳು ಚೆನ್ನಾಗಿದ್ದ ಮೆಷಿನ್ ಈ ತಿಂಗಳು ದಿಢೀರನೆ 95ಕ್ಕೆ ಹೋದರೆ ನಾನು ಪೇಸ್ಟ್ ಮೇಲೆ ಗೂಬೆ ಕೂರಿಸುವುದಿಲ್ಲ.

ಕೂಲರ್ ಬಿಚ್ಚುವ ಮುಂಚೆ ಒಂದು ಎಚ್ಚರಿಕೆ. ರೈಜನ್‌ನ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ. ಹಳೇ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡಿರುವಾಗ ಕೂಲರನ್ನು ನೇರ ಮೇಲಕ್ಕೆತ್ತಿದರೆ, ಸಾಕೆಟ್‌ನ ಲಾಕ್ ಹಾಕಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಜೊತೆಗೇ ಬರುತ್ತದೆ. ಪಿನ್ ಬಗ್ಗಿದರೆ ನಿಮ್ಮ ಸಂಜೆ ಅದನ್ನು ನೆಟ್ಟಗೆ ಮಾಡುವುದರಲ್ಲೇ ಕಳೆಯುತ್ತದೆ. ಹತ್ತು ನಿಮಿಷ ಮೆಷಿನ್‌ಗೆ ಕೆಲಸ ಕೊಟ್ಟು ಪೇಸ್ಟ್ ಮೆತ್ತಗಾಗಲು ಬಿಡಿ. ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಚಿ, ಬಿಟ್ಟುಕೊಂಡಿತು ಅನ್ನಿಸಿದ ಮೇಲೆ ಎತ್ತಿ.

ನೀರಿನ ಕೂಲರ್ ಇದ್ದು ತಾಪಮಾನ ಹೀಗೇ ಸರ್ರನೆ ಏರಿದರೆ ಮೊದಲು ಪಂಪ್ ನೋಡಿ. ಒಂದು ಪೈಪ್ ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಬಯೋಸ್‌ನಲ್ಲಿ ಪಂಪ್‌ನ ಸುತ್ತು ಎಷ್ಟಿದೆ ಎಂದು ಗೊತ್ತಾಗುತ್ತದೆ. ಪಂಪ್, ನೀರನ್ನು ತಣಿಸುವ ರೇಡಿಯೇಟರ್‌ಗಿಂತ ಎತ್ತರದಲ್ಲಿದ್ದರೆ ಒಳಗಿನ ಗಾಳಿಯೆಲ್ಲ ಅಲ್ಲೇ ಬಂದು ಕೂರುತ್ತದೆ. ಆಗ ಗುಳುಗುಳು ಸದ್ದೂ ಕೇಳಿಸಬಹುದು.

ಎಲ್ಲ ಸರಿಯಾಗಿ ಕೂತಿದ್ದರೂ ಸರ್ರನೆ ಏರುವ ಇನ್ನೊಂದು ಬಗೆ ಇದೆ. ಅಲ್ಲಿ ಕೂಲರ್ ಪಾಪ, ಅದರ ತಪ್ಪೇನೂ ಇರುವುದಿಲ್ಲ. ಎಚ್‌ಡಬ್ಲ್ಯುಇನ್ಫೋದಲ್ಲಿ ಪ್ರೊಸೆಸರ್ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದೂ ತೋರಿಸುತ್ತದೆ, ಅದನ್ನು ನೋಡಿ. ಇಂಟೆಲ್ ಕೋರ್ ಐ9 14900ಕೆ ಡಬ್ಬಿಯ ಲೆಕ್ಕದಲ್ಲಿ 125 ವ್ಯಾಟ್‌ನದು, ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, 253. ಎಷ್ಟೋ ಮದರ್‌ಬೋರ್ಡ್‌ಗಳು ಫ್ಯಾಕ್ಟರಿಯಿಂದ ಬರುವಾಗಲೇ ಈ ಮಿತಿಯನ್ನು ಸಡಿಲಿಸಿ ಬಂದಿದ್ದವು. 2024ರಲ್ಲಿ 13 ಮತ್ತು 14ನೇ ತಲೆಮಾರಿನ ಚಿಪ್‌ಗಳು ಅಸ್ಥಿರವಾದ ಗಲಾಟೆ ಎದ್ದ ಮೇಲೆ ಇಂಟೆಲ್ ತನ್ನ ಮೂಲ ಸೆಟ್ಟಿಂಗ್‌ಗಳನ್ನೇ ಬಳಸಲು ಹೇಳಿತು, ವೋಲ್ಟೇಜ್ ಸರಿಪಡಿಸುವ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳ ತಿದ್ದುಪಡಿ) ಕೂಡ ಬಯೋಸ್ ಅಪ್‌ಡೇಟ್ ಮೂಲಕ ಬಂತು. ಆ ಚಿಪ್ ನಿಮ್ಮದಾಗಿದ್ದರೆ ಕೂಲರ್ ಕೊಳ್ಳುವ ಯೋಚನೆ ಆಮೇಲೆ, ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ರೈಜನ್ ಆದರೆ ಎಳೆಯುವ ವ್ಯಾಟ್‌ಗೆ ಕಡಿವಾಣ ಹಾಕುವ ಇಕೋ ಮೋಡ್ ಇದೆ. ವೇಗ ಕಳೆದುಕೊಳ್ಳುವುದು ಅಲ್ಪ, ಬಿಸಿ ಇಳಿಯುವುದು ಜಾಸ್ತಿ. ನನ್ನ ಮೆಷಿನ್‌ನಲ್ಲಿ ಅದು ಯಾವಾಗಲೂ ಆನ್.

ಈಗ ನಿಧಾನಕ್ಕೆ ಏರುವ ಜಾತಿ. ಒಂದು ನಿಮಿಷಕ್ಕೆ 70, ಐದಕ್ಕೆ 80, ಹದಿನೈದಕ್ಕೆ 92. ಇಲ್ಲಿ ಶಾಖ ಲೋಹಕ್ಕೆ ದಾಟಿದೆ, ಲೋಹದಿಂದ ಹೊರಗೆ ಹೋಗುತ್ತಿಲ್ಲ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮತ್ತೊಮ್ಮೆ ಮಾಡಿ. ಹತ್ತು ಡಿಗ್ರಿ ಇಳಿದರೆ ಕೂಲರ್‌ಗೆ ಸಿಗುತ್ತಿರುವ ಗಾಳಿಯೇ ಬಿಸಿ. ಏನೂ ಇಳಿಯದಿದ್ದರೆ ಕೂಲರ್‌ನಲ್ಲೇ ಧೂಳು ಕಟ್ಟಿದೆ, ಇಲ್ಲ ಫ್ಯಾನ್ ಸುಸ್ತಾಗಿದೆ. ಮೇಲಿನಿಂದ ನೋಡಿದರೆ ಧೂಳು ಕಾಣುವುದೇ ಇಲ್ಲ. ಅದು ಫ್ಯಾನ್‌ನ ಕೆಳಗೆ, ಹೀಟ್‌ಸಿಂಕ್‌ನ ತೆಳು ರೆಕ್ಕೆಗಳ ಬಾಯಿಗೆ ಕಂಬಳಿಯ ಹಾಗೆ ಕೂತಿರುತ್ತದೆ. ಫ್ಯಾನ್ ಬಿಚ್ಚಲೇಬೇಕು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕ್ಯಾಬಿನೆಟ್ ಫ್ಯಾನ್‌ಗಳ ದಿಕ್ಕನ್ನೂ ನೋಡಿ. ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ. ಸಾಮಾನ್ಯವಾಗಿ ಗಾಳಿ ಹೊರಬರುವುದು ಫ್ಯಾನ್‌ನ ಕಡ್ಡಿಗಳಿರುವ ಬದಿಯಿಂದ. ಅನುಮಾನವಿದ್ದರೆ ಒಂದು ಚೂರು ಕಾಗದ ಹಿಡಿದು ನೋಡಿ.

ಏನೂ ಕೆಲಸ ಕೊಡದೇ ಬಿಸಿಯಾಗುವ ಮೆಷಿನ್‌ಗೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅಪ್‌ಡೇಟೋ ಆಂಟಿವೈರಸ್ ಸ್ಕ್ಯಾನೋ ಓಡುತ್ತಿರಬಹುದು. ಕದ್ದು ಕ್ರಿಪ್ಟೊ ಮೈನಿಂಗ್ ಮಾಡುವ ಕೆಲವು ಮಾಲ್‌ವೇರ್‌ಗಳಿವೆ, ಅವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತೆಪ್ಪಗಾಗುತ್ತವೆ. ಅದನ್ನು ತೆರೆದಾಗ ಮಾತ್ರ ಫ್ಯಾನ್ ಶಾಂತವಾಗುತ್ತದೆ ಅಂದರೆ ಅದೇ ಸುಳಿವು. ಇನ್ನು ತಾಪಮಾನ 60 ದಾಟದೆಯೂ ಗೇಮ್ ಮಧ್ಯೆ ಮೆಷಿನ್ ದಪ್ಪನೆ ಆಫ್ ಆದರೆ ಪ್ರೊಸೆಸರನ್ನು ಬಿಟ್ಟು ಮೆಷಿನ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಕಡೆ ನೋಡಿ.

ಫೋನ್ ಮಾಡಿದ್ದವರು ಮರುದಿನ ಮತ್ತೆ ಮಾಡಿದರು. ನಾಲ್ಕು ಅಂಕಿ ಬರೆದುಕೊಂಡಿದ್ದರು. ಐದು ಸೆಕೆಂಡಿಗೆ 61, ಒಂದು ನಿಮಿಷಕ್ಕೆ 70, ಐದಕ್ಕೆ 84, ಹದಿನೈದಕ್ಕೆ 95.

"ಕ್ಯಾಬಿನೆಟ್ ಎಲ್ಲಿಟ್ಟಿದ್ದೀರಿ?"

"ಟೇಬಲ್ ಕೆಳಗಿನ ಗೂಡಲ್ಲಿ ಸಾರ್. ಬಾಗಿಲು ಇದೆ, ಮುಚ್ಚಿಡ್ತೀನಿ, ಧೂಳು ಬರಬಾರದು ಅಂತ."

ಹೊರಗೆ ತೆಗೆದಿಟ್ಟು ಮತ್ತೊಮ್ಮೆ ಓಡಿಸಲು ಹೇಳಿದೆ. ಅರ್ಧ ಗಂಟೆಯ ನಂತರ ಮೆಸೇಜ್ ಬಂತು: "ಹದಿನೈದು ನಿಮಿಷಕ್ಕೆ 78. ಪೇಸ್ಟ್ ಆಗಲೇ ತಂದುಬಿಟ್ಟಿದ್ದೀನಿ, ಏನ್ ಮಾಡ್ಲಿ?"