ಪಿಜೆ, ಜೆಜೆ ಮತ್ತು ಆ ಗುಂಯ್ ಸದ್ದು: ಕೈಗೆಟುಕುವ ಬೇಸ್ ಗಿಟಾರ್ ಟಿಪ್ಪಣಿ

ಮೊದಲ ಬೇಸ್ ಹುಡುಕುವಾಗ ಮತ್ತೆ ಮತ್ತೆ ಎದುರಾಗುವ ಹೆಸರುಗಳು ನಾಲ್ಕು: ಯಮಹಾ ಟಿಆರ್‌ಬಿಎಕ್ಸ್ 174, ಐಬನೆಜ್ ಜಿಎಸ್‌ಆರ್ 200, ಸ್ಕ್ವಾಯರ್ ಅಫಿನಿಟಿ ಪ್ರಿಸಿಷನ್ ಪಿಜೆ, ಸ್ಕ್ವಾಯರ್ ಅಫಿನಿಟಿ ಜಾಝ್. ನಾಲ್ಕರದ್ದೂ 34 ಇಂಚಿನ ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ. ಬೆರಳು ಚಾಚಲು ಕಷ್ಟವಾದರೆ 28.6 ಇಂಚಿನ ಐಬನೆಜ್ ಮೈಕ್ರೋ ಇದೆ. ಜಾಝ್ ನೆಕ್ ನಟ್ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬಳಿ 38 ಮಿ.ಮೀ. ಅಗಲ, ಹಿಡಿತಕ್ಕೆ ಸಪೂರ. ಬಣ್ಣ, ಮರ, ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಸಂಖ್ಯೆಯ ಹೋಲಿಕೆ ಎಲ್ಲಿ ಬೇಕಾದರೂ ಸಿಗುತ್ತದೆ. ತಲೆ ಕೆಡಿಸುವುದು ಪಿಕಪ್ಪಿನ ಲೆಕ್ಕ. ಪಿ ಎಂದರೆ ಪ್ರಿಸಿಷನ್ ಬಗೆಯ ಪಿಕಪ್, ಜೆ ಎಂದರೆ ಜಾಝ್ ಬಗೆಯದು. ಪಿಜೆಯಲ್ಲಿ ಎರಡೂ ಒಂದೊಂದು, ಜೆಜೆಯಲ್ಲಿ ಎರಡು ಜೆ.

ಗುಂಯ್ ಸದ್ದು ಎಲ್ಲಿಂದ?

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಂತಿಸುರುಳಿ, ಗಿಟಾರ್ ತಂತಿಯ ಕಂಪನವನ್ನು ಆಂಪ್‌ಗೆ ಹೋಗುವ ವಿದ್ಯುತ್ ಸಂಕೇತವಾಗಿಸುತ್ತದೆ. ಮನೆಯ ಕರೆಂಟು 50 ಹರ್ಟ್ಸ್. ಅದರ ಕಾಂತಕ್ಷೇತ್ರ ಸುರುಳಿಗೆ ತಾಗಿದರೆ ಗುಂಯ್ ಎನ್ನುತ್ತದೆ. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್, ಹೆಚ್ಚುಕಡಿಮೆ ಅದೇ ಶ್ರುತಿ. ಹಾಗಾಗಿ ಜಿ ನುಡಿಸುವಾಗ ಈ ಸದ್ದು ಸ್ವರದೊಳಗೆ ಅಡಗಿಕೊಳ್ಳುತ್ತದೆ, ಕೈ ನಿಲ್ಲಿಸಿದಾಗ ಎದ್ದು ಕೇಳುತ್ತದೆ.

ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ ಸುತ್ತಿದರೆ ಒಂದರ ಗುಂಯ್ +1, ಇನ್ನೊಂದರದ್ದು −1, ಕೂಡಿದರೆ ಸೊನ್ನೆ. ಆಗ ತಂತಿಯ ನಾದವೂ ಅಳಿಯಬೇಕಲ್ಲ? ಅಳಿಯದು. ಎರಡನೆಯದರಲ್ಲಿ ಅಯಸ್ಕಾಂತವನ್ನೂ ತಿರುಗಿಸಿರುತ್ತಾರೆ. ನಾದ ಎರಡು ಸಲ ತಿರುವಾಗಿ ಮೊದಲಿನಂತೆಯೇ ಬರುತ್ತದೆ, ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲದ್ದರಿಂದ ಅದು ಒಂದೇ ಸಲ ತಿರುವಾಗುತ್ತದೆ.

ಈಗ ಎಡವುವ ಜಾಗ. "ಎರಡೂ ವಾಲ್ಯೂಮ್ ಪೂರ್ತಿ ತೆರೆದರೆ ಸದ್ದು ಹೋಗುತ್ತದೆ" ಎಂಬ ಮಾತು ಜೆಜೆಗೆ ಮಾತ್ರ ನಿಜ.

ಜೆಜೆ: ಎರಡೂ ಒಂಟಿ ಸುರುಳಿ, ಸಾಮಾನ್ಯವಾಗಿ ಒಂದಕ್ಕೊಂದು ತಿರುವು. +1 −1 = 0. ಒಂದು ನಾಬ್ ಇಳಿಸಿದರೆ ಲೆಕ್ಕ ತಪ್ಪಿ ಗುಂಯ್ ವಾಪಸ್.

ಪಿ: ಎರಡು ತುಂಡಿನ ಪಿಕಪ್. ಒಂದು ತುಂಡು ಇ, ಎ ತಂತಿಗಳ ಕೆಳಗೆ, ಇನ್ನೊಂದು ಡಿ, ಜಿ ಕೆಳಗೆ. ತನ್ನೊಳಗೇ +1 −1 ಆಗಿಬಿಟ್ಟಿದೆ, ಯಾವಾಗಲೂ ಮೌನ.

ಪಿಜೆ: +1 −1 +1. ಆ ಕೊನೆಯ ಜೆಗೆ ಜೋಡಿಯೇ ಇಲ್ಲ! ಪಿ ತನ್ನ ಲೆಕ್ಕ ತಾನೇ ಮುಗಿಸಿಕೊಂಡಿದೆ, ಜೆಗೆ ಕೊಡಲು ಅದರಲ್ಲಿ ಏನೂ ಉಳಿದಿಲ್ಲ. ಎರಡನ್ನೂ ತೆರೆದರೆ ಸದ್ದು ಸ್ವಲ್ಪ ತಗ್ಗಬಹುದು, ಇಲ್ಲವಾಗದು. ಇದು ಗಿಟಾರಿನ ದೋಷವಲ್ಲ. ಜೆ ನಾಬ್ ಸೊನ್ನೆಗೆ ತಂದರೆ ಪೂರ್ತಿ ಶಾಂತ.

ಅಂಗಡಿಯಲ್ಲೇ ನೋಡಿ: ಜೆ ಒಂದನ್ನೇ ತೆರೆದು, ಆಂಪ್ ಎದುರು ನಿಂತು ನಿಧಾನ ಪಕ್ಕಕ್ಕೆ ತಿರುಗಿ. ಸದ್ದು ಏರಿಳಿದರೆ ಸುರುಳಿಯದ್ದು. ತಂತಿ ಮುಟ್ಟಿದೊಡನೆ ತಗ್ಗುವ ಚರಚರ ಬೇರೆ ಜಾತಿ, ಅದಕ್ಕೆ ಒಳಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ಗ್ರೌಂಡಿಗೆ ಬೆಸೆದರೆ ಗುಣವಾಗುತ್ತದೆ. ಸುರುಳಿಯ ಗುಂಯ್‌ಗೆ ಆ ಹಾಳೆ ನಾಟದು, ಗುಂಯ್ ಅಳಿಸುವ ಜೋಡಿ ಸುರುಳಿಯ ಜೆ ಪಿಕಪ್ಪೇ ಹಾಕಬೇಕು.

ಸಾಗರ, ತೀರ್ಥಹಳ್ಳಿ ಕಡೆಯ ಹಳೆಯ ಮನೆಗೆ ಒಯ್ಯುವುದಾದರೆ ಮೊದಲು ಅರ್ಥಿಂಗ್ ಪರೀಕ್ಷಿಸಿ. ತಂತಿ ಮುಟ್ಟಿದಾಗ ಜುಮ್ಮೆಂದರೆ ತಕ್ಷಣ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆಸಿ. ಸದ್ದು ನಿಲ್ಲಿಸಲೆಂದು ಮೂರನೇ ಪಿನ್ ತೆಗೆಯುವುದು ಜೀವಕ್ಕೇ ಅಪಾಯ.

ನನ್ನ ಆಯ್ಕೆ ಪಿಜೆ. ಕೆಟ್ಟ ವೈರಿಂಗ್ ಇರುವ ಸಭಾಭವನದಲ್ಲೂ ಪಿ ಒಂದರಲ್ಲೇ ಇಡೀ ಕಾರ್ಯಕ್ರಮ ನುಡಿಸಬಹುದು.

ನೆಕ್, ಮಳೆಗಾಲ

ಜೂನ್ ಬಂತೆಂದರೆ ತೇವಕ್ಕೆ ನೆಕ್ ಬಾಗುತ್ತದೆ. ಯಾವ ಕಡೆಗೆಂದು ಊಹಿಸಬೇಡಿ, ಅಳೆಯಿರಿ. ಶ್ರುತಿ ಮಾಡಿ, ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿ, 8ನೇ ಫ್ರೆಟ್ ಮೇಲೆ ತಂತಿಗಿರುವ ಸಂದು ನೋಡಿ: ಸುಮಾರು 0.3 ಮಿ.ಮೀ. ಇರಲಿ. ಹೆಚ್ಚಿದ್ದರೆ ಟ್ರಸ್ ರಾಡ್ (ನೆಕ್ ಒಳಗಿದ್ದು ಅದರ ಬಾಗು ಸರಿಪಡಿಸುವ ಸರಳು) ಬಲಕ್ಕೆ, ಕಡಿಮೆಯಿದ್ದರೆ ಎಡಕ್ಕೆ, ಒಂದು ಸಲಕ್ಕೆ ಕಾಲು ಸುತ್ತು. ಮತ್ತೆ ಶ್ರುತಿ ಮಾಡಿ ಅಳೆಯಿರಿ. ತಂತಿಯ ಎತ್ತರಕ್ಕೆ ಬ್ರಿಡ್ಜ್ ಸ್ಕ್ರೂಗಳಿವೆ, ಅದಕ್ಕಾಗಿ ರಾಡ್ ಮುಟ್ಟಬೇಡಿ.

ಒಸರುವ ಗೋಡೆಗೆ ತೂಗುಹಾಕದೆ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಚೀಲದಲ್ಲಿಡಿ. 9 ವೋಲ್ಟ್ ಬ್ಯಾಟರಿಯ ಮಾದರಿಯಾದರೆ ನುಡಿಸಿದ ಮೇಲೆ ಗಿಟಾರಿನಿಂದ ಕೇಬಲ್ ಕಿತ್ತಿಡಿ. ಜ್ಯಾಕ್ ಒಳಗಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.