ಕಣ್ಣಿಗೆ ಜೋರು ಬೆಳಕು, ಕಾಗದಕ್ಕೆ ಕತ್ತಲೆ

‘ಲೈಟ್ ತುಂಬಾ ಜೋರಾಗಿದೆ, ಆದರೂ ಪ್ರಿಂಟ್ ಬರ್ತಿಲ್ಲ.’ ಸಯನೋಟೈಪ್, ಅಂದರೆ ರಾಸಾಯನಿಕ ಲೇಪಿಸಿದ ಕಾಗದಕ್ಕೆ ಬೆಳಕು ಕೊಟ್ಟು ನೀಲಿ ಚಿತ್ರ ಮೂಡಿಸುವ ಹಳೆಯ ವಿಧಾನ, ಕಲಿಯಲು ಬರುವವರ ದೂರು ಯಾವಾಗಲೂ ಇದೇ. ಯಾವ ಲೈಟ್ ಅಂತ ಕೇಳಿದರೆ ಎಷ್ಟು ವ್ಯಾಟ್ ಅಂತ ಹೇಳುತ್ತಾರೆ. ನಾನು ಕೇಳಿದ್ದು ಅದಲ್ಲ.

ವ್ಯಾಟ್ ಅಂದರೆ ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ. ಲ್ಯೂಮೆನ್ ನಿಮ್ಮ ಕಣ್ಣಿನ ಲೆಕ್ಕ. ಸಯನೋಟೈಪ್, ಅದರಂಥವೇ ಹಳೆಯ ವಿಧಾನಗಳಾದ ವ್ಯಾನ್ ಡೈಕ್, ಗಮ್, ಯಾವುದಕ್ಕೂ ನಿಮ್ಮ ಕಣ್ಣು ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಅವಕ್ಕೆ ಮುಖ್ಯವಾಗಿ ಬೇಕಾದದ್ದು ಯುವಿ-ಎ, ಅಂದರೆ 315ರಿಂದ 400 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಕಿರಣ. 1842ರಲ್ಲಿ ಇಂಗ್ಲಿಷ್ ವಿಜ್ಞಾನಿ ಜಾನ್ ಹರ್ಷೆಲ್ ಸಯನೋಟೈಪ್ ಕಂಡುಹಿಡಿದಾಗ ಈ ತಲೆನೋವಿರಲಿಲ್ಲ, ಬಿಸಿಲಿನಲ್ಲಿ ಎಲ್ಲವೂ ಇತ್ತು. ಮನೆಯ ಬಿಳಿ ಎಲ್‌ಇಡಿ ಬಲ್ಬಿನಲ್ಲಿ 450ರ ಆಸುಪಾಸಿನ ನೀಲಿ ಧಾರಾಳವಾಗಿದೆ, ಯುವಿ ಇಲ್ಲವೆಂದೇ ಹೇಳಬೇಕು. ಕಣ್ಣು ಕುಕ್ಕುತ್ತದೆ, ಕಾಗದ ಸುಮ್ನೆ ಹಳದಿಯಾಗೇ ಕೂತಿರುತ್ತದೆ.

ಹಾಗಾಗಿ ಡಬ್ಬದ ಮೇಲೆ ನ್ಯಾನೋಮೀಟರ್ ಹುಡುಕಿ. 365 ಇರಲಿ, 395 ಇರಲಿ, ಸಯನೋಟೈಪಿಗೆ ಎರಡೂ ನಡೆಯುತ್ತವೆ, ಹೊತ್ತು ಬೇರೆಯಾಗಬಹುದು. ಟ್ಯೂಬ್ ಆದರೆ ಬಿಎಲ್ (ಬ್ಲ್ಯಾಕ್‌ಲೈಟ್) ಅಥವಾ ಬಿಎಲ್‌ಬಿ (ಬ್ಲ್ಯಾಕ್‌ಲೈಟ್ ಬ್ಲೂ) ಅಂತ ಬರೆದದ್ದು. 365ರ ದೀಪ ಮಂಕಾಗಿ ಕಾಣುತ್ತದೆ. ಕೆಟ್ಟಿದೆ ಅಂತ ವಾಪಸ್ ಕೊಟ್ಟವರಿದ್ದಾರೆ! ಪಾರ್ಟಿಗೆ ಹಚ್ಚುವ ನೇರಳೆ ಲೈಟ್ ಎಷ್ಟೋ ಸಲ ಬರೀ ಕೆಂಪು ನೀಲಿಯ ಮಿಶ್ರಣ. ಇನ್ನು ಕ್ರಿಮಿ ಕೊಲ್ಲುವ 254ರ ಟ್ಯೂಬ್ ತರಲೇಬೇಡಿ. ಅದು ಕಣ್ಣು, ಚರ್ಮ ಸುಡುತ್ತದೆ. ಸಾಲದ್ದಕ್ಕೆ, ಕಾಗದದ ಮೇಲೆ ಚಿತ್ರದ ಫಿಲ್ಮನ್ನು, ಅಂದರೆ ನೆಗೆಟಿವನ್ನು, ಒತ್ತಿಹಿಡಿಯುವ ಫ್ರೇಮಿನ ಗಾಜನ್ನೂ ದಾಟುವುದಿಲ್ಲ.

ಗಾಜು ಅಂದಾಗ ಒಬ್ಬ ನಿವೃತ್ತ ಮೇಷ್ಟ್ರು ನೆನಪಾಗುತ್ತಾರೆ. ಮರದ ಪೆಟ್ಟಿಗೆ, ಸಾಲಾಗಿ ಸರಿಯಾದ ಟ್ಯೂಬುಗಳು, ಬಾಗಿಲು ತೆಗೆದರೆ ತಾನೇ ಆರುವ ಸ್ವಿಚ್ಚು, ಅಷ್ಟು ಅಚ್ಚುಕಟ್ಟು. ಪ್ರಿಂಟ್ ಮಾತ್ರ ಇಲ್ಲ. ನೋಡಿದರೆ ಫ್ರೇಮಿಗೆ ಹಾಕಿದ್ದು ಚಿತ್ರ ಮಾಸದಂತೆ ಯುವಿ ತಡೆಯುವ ದುಬಾರಿ ಗಾಜು. ಕಣ್ಣಿಗೆ ತಿಳಿನೀರು, ಯುವಿಗೆ ಗೋಡೆ. ಮಾಮೂಲಿ ಕಿಟಕಿ ಗಾಜು ಹಾಕಿಸಿದೆ, ನೀಲಿ ಬಂತು. ‘ಒಳ್ಳೇದು ಅಂತಲ್ವಾ ಜಾಸ್ತಿ ದುಡ್ಡು ಕೊಟ್ಟಿದ್ದು’ ಅಂತ ಅವರು ಗೊಣಗಿದ್ದು ನ್ಯಾಯವೇ.

ಟ್ಯೂಬುಗಳನ್ನು ಒತ್ತಾಗಿ ಜೋಡಿಸಿ. ಕಾಗದ ತೀರಾ ಹತ್ತಿರವಿದ್ದರೆ ಪಟ್ಟೆ ಬೀಳುತ್ತದೆ. ನೆಗೆಟಿವ್ ಇಲ್ಲದೆ ಒಂದು ಹಾಳೆಗೆ ಅರೆಬರೆ ಬೆಳಕು ಕೊಟ್ಟು ತೊಳೆದರೆ ಎಲ್ಲಿ ಏರುಪೇರು ಅಂತ ತಿಳಿಯುತ್ತದೆ. ಶುರುವಿನಲ್ಲಿ ಟ್ಯೂಬ್ ಬಿಸಿಯಾಗಲು ಕೆಲವು ನಿಮಿಷ ಬಿಡಿ. ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ. ದೀಪ ಮಂಕಾಗಿದೆ ಅಂತ ಇಣುಕಬೇಡಿ, ಕಣ್ಣಿಗೆ ಪೆಟ್ಟು ಕಾಣದ ಭಾಗದಿಂದಲೇ.

‘ಎಷ್ಟು ನಿಮಿಷ ಇಡಬೇಕು?’ ಅಂತ ಮಾತ್ರ ನನ್ನನ್ನು ಕೇಳಬೇಡಿ. ಕಾಗದ, ಲೇಪ, ಫಿಲ್ಮ್ ಯಾವುದು ಬದಲಾದರೂ ಹೊತ್ತು ಬದಲಾಗುತ್ತದೆ. ಲೇಪಿಸಿದ ಒಂದು ಪಟ್ಟಿಯ ಮೇಲೆ ನಿಮ್ಮ ನೆಗೆಟಿವಿನದೇ ಖಾಲಿ ಫಿಲ್ಮ್ ಇಟ್ಟು, ಹಂತ ಹಂತವಾಗಿ ಹೊತ್ತು ಏರಿಸಿ. ತೊಳೆದು ಪೂರ್ತಿ ಒಣಗಿದ ಮೇಲೆ ನೋಡಿ, ಒದ್ದೆಯಲ್ಲಿ ನೀಲಿ ಇನ್ನೂ ಪೂರ್ತಿ ಏರಿರುವುದಿಲ್ಲ. ಎಲ್ಲಿಂದ ಮುಂದೆ ನೀಲಿ ಇನ್ನಷ್ಟು ಗಾಢವಾಗುವುದಿಲ್ಲವೋ, ಅದೇ ನಿಮ್ಮ ಪೆಟ್ಟಿಗೆಯ ಹೊತ್ತು.